ಅಕ್ಷರಕ್ಕೆ ಇಂಬು

ಕಣ್ಣು ಮಂದವಾಯಿತೆಂದು ವಯಸ್ಸಾದವರು ಹೇಳಿಕೊಳ್ಳುವ ದೂರುಗಳಲ್ಲಿ ಒಂದು ಪಾಲು ಆ ಬಡ ಇಂದ್ರಿಯದ ಮೇಲೆ ಹೊರಿಸಿದ ಮಿಥ್ಯಾಪವಾದವೆಂಬುದು ನನ್ನ ದೃಢವಾದ ಅಭಿಪ್ರಾಯ. ನಲವತ್ತು ದಾಟಿದ ಬಳಿಕ ಕಣ್ಣಿನೊಳಗಣ ಮಸೂರವು ತನ್ನ ಸಹಜವಾದ ಮೃದುತ್ವವನ್ನು ಕಳೆದುಕೊಂಡು ಕ್ರಮೇಣ ಬಿರುಸಾಗುತ್ತ ಬರುವುದು ಪ್ರಕೃತಿಧರ್ಮ. ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ, ಅಲ್ಲಗಳೆದರೆ ಮೂಗಿನ ಮೇಲೆ ಕುಳಿತಿರುವ ಕನ್ನಡಕವೇ ನನ್ನ ವಿರುದ್ಧ ಸಾಕ್ಷಿ ನುಡಿದೀತು. ಆದರೆ ಅದೇ ಕನ್ನಡಕವನ್ನು ಧರಿಸಿ ಪಂಚಾಂಗದ ತಿಥಿ ನಕ್ಷತ್ರಗಳನ್ನೂ ಔಷಧದ ಸೀಸೆಯ ಮೇಲಣ ಸೂಚನೆಗಳನ್ನೂ ಅನಾಯಾಸವಾಗಿ ಓದಬಲ್ಲ ಗೃಹಸ್ಥನು, ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಅರ್ಧ ಗಂಟೆ ಕಳೆಯುವುದರೊಳಗಾಗಿ ಹುಬ್ಬು ಗಂಟಿಕ್ಕಿ, ಕತ್ತನ್ನು ಮುಂದಕ್ಕೆ ಚಾಚಿ, ಕಣ್ಣುಜ್ಜಿಕೊಂಡು, "ಇನ್ನು ನನ್ನ ಕೈಲಾಗದಪ್ಪ" ಎಂದು ಎದ್ದುಹೋಗುವನಾದರೆ, ಅಪರಾಧವನ್ನೆಲ್ಲ ಅವನ ಕಣ್ಣಿಗೇ ಹೊರಿಸಿ ಕಡತವನ್ನು ಮುಚ್ಚಿಬಿಡುವುದು ಯಾವ ನ್ಯಾಯ? ಯಂತ್ರವನ್ನೂ ಕಟಕಟೆಗೆ ಕರೆದು ವಿಚಾರಿಸತಕ್ಕದ್ದು.

ನಮ್ಮ ಮನೆಯ ಯಂತ್ರಕ್ಕೆ ವಯಸ್ಸಾಗಿದೆ. ಅದರ ಯಜಮಾನನಿಗೆ ಆಗಿರುವಷ್ಟೇ ಎಂದು ಮನೆಯವರ ಪರಿಹಾಸ. ಅದರೊಳಗೆ ನೆಲಸಿರುವುದು 2001ರ ಅಕ್ಟೋಬರಿನಲ್ಲಿ ಲೋಕಕ್ಕೆ ಬಂದ ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲ್ 8ರಂದು ಅದರ ಪಾಲನೆ ಪೋಷಣೆ ನಿಂತುಹೋಯಿತಾದ ಕಾರಣ, ಅಂದಿನಿಂದ ಶಾಸ್ತ್ರದ ಪ್ರಕಾರ ಅದು ಗತಿಸಿದವರ ಪಂಕ್ತಿಗೆ ಸೇರಿದ್ದು. ಹೀಗೆ ದಿಕ್ಕಿಲ್ಲದಾದ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸುವುದು ಕ್ಷೇಮವಲ್ಲವಾದ್ದರಿಂದ ಆ ತಂತಿಯನ್ನು ಕಿತ್ತಿಟ್ಟಿದ್ದೇನೆ. ಆದರೇನಂತೆ, ನನ್ನ ಬರವಣಿಗೆಯೂ, ಪೆನ್‌ಡ್ರೈವಿನಲ್ಲಿ ಮೊಮ್ಮಕ್ಕಳು ತಂದುಕೊಡುವ ಲೇಖನಗಳ ಪಠನವೂ, ಹಳೆಯ ಕಾಗದಪತ್ರಗಳ ಶೋಧವೂ ಇಂದಿಗೂ ನಡೆಯುತ್ತಿರುವುದು ಅದರ ಸನ್ನಿಧಿಯಲ್ಲಿಯೇ. "ಅಕ್ಷರ ಕಾಣಿಸೋದಿಲ್ಲ ಅಂತೀರಿ, ಇದನ್ನ ಗುಜರಿಗೆ ಹಾಕಿ ಹೊಸದು ತಗೊಳ್ಳಬಾರದೆ?" ಎಂಬುದು ತರುಣರ ಸುಲಭೋಪದೇಶ. ಅಕ್ಷರವನ್ನು ಕಾಣಿಸುವ ಉಪಾಯಗಳೆಲ್ಲವೂ ಅದೇ ಯಂತ್ರದ ಹೊಟ್ಟೆಯಲ್ಲಿ, ಯಾರೂ ಇಣುಕಿ ನೋಡದ ಗೂಡುಗಳಲ್ಲಿ ಅಡಗಿರುವಾಗ, ಹೊಸದಕ್ಕೆ ಹಣ ಸುರಿಯುವುದು ನನಗೆ ವಿವೇಕವೆಂದು ತೋರುವುದಿಲ್ಲ.

ಇಂಗ್ಲಿಷನ್ನು ಓದುವಾಗ ಇಷ್ಟಾಗಿ ತೋರದ ಶ್ರಮವು ಕನ್ನಡವನ್ನು ಓದುವಾಗ ಎದ್ದು ತೋರುವುದೇಕೆ? ಇದರ ಕಾರಣವನ್ನು ನಮ್ಮ ಲಿಪಿಯ ಸ್ವಭಾವದಲ್ಲಿಯೇ ಹುಡುಕಬೇಕು. ಕನ್ನಡದ್ದು ದುಂಡು ಲಿಪಿ. ತಲೆಕಟ್ಟು, ಗುಡಿಸು, ಕೊಂಬು, ಎತ್ವ, ಓತ್ವ ಎಂದು ನಾನಾ ಆಭರಣಗಳನ್ನು ಧರಿಸಿ ಮೆರೆಯುವಂಥದು. ಅದಕ್ಕಿಂತ ಮಿಗಿಲಾಗಿ, ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಇರುವ ಭೇದವನ್ನು ಎಷ್ಟೋ ವೇಳೆ ಎಳ್ಳುಕಾಳಿನಷ್ಟು ಚಿಕ್ಕದಾದ ಗುರುತಿಗೆ ಒಪ್ಪಿಸಿಬಿಟ್ಟಿರುವಂಥದು. ರಕಾರದ ಹೊಟ್ಟೆಯೊಳಗೆ ಒಂದು ಬೊಟ್ಟಿಟ್ಟರೆ ಅದು ಠಕಾರ. ದಕಾರದ ಬುಡದಲ್ಲಿ ಒಂದು ಕಿರುಗೀಟು ಹಾಕಿದರೆ ಧಕಾರ. ಡಕಾರಕ್ಕೂ ಬಕಾರಕ್ಕೂ ಮಹಾಪ್ರಾಣ ಬರುವುದು ಅದೇ ಮಾರ್ಗದಿಂದ. ಪಕಾರದ ಹೊಟ್ಟೆಯನ್ನು ಸೀಳಿದರೆ ಷಕಾರವಾಗುವುದನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯ ಹಲಗೆಯ ಮುಂದೆ ನಿಂತು ರಾಗವಾಗಿ ಕಲಿತವರು. ಕಾಗದದ ಮೇಲೆ, ಒಳ್ಳೆಯ ಶಾಯಿಯಲ್ಲಿ, ಈ ಬೊಟ್ಟು ಗೀಟುಗಳು ಯಾರಿಗೂ ತೊಂದರೆ ಕೊಡುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಅವೇ ಮೊದಲು ಅಳಿಯುವ ವಸ್ತುಗಳು. ಆಗ ಶಿಷ್ಯರು ಗುರುಗಳ ದರ್ಶನಕ್ಕಾಗಿ ಮಠಕ್ಕೆ ಹೋಗುವ ಬದಲು ಮರಕ್ಕೆ ಹೋಗುತ್ತಾರೆ. ಸರಕಾರವು ಬಡವರಿಗೆ ಧನಸಹಾಯವನ್ನು ನೀಡುವ ಬದಲು ದನಸಹಾಯವನ್ನು ನೀಡುತ್ತದೆ. ಎರಡನೆಯದು ಅಷ್ಟೇನೂ ಅಸಂಗತವಲ್ಲವಾದ್ದರಿಂದ ಓದುಗನು ಅನುಮಾನಪಡದೆ ಮುಂದೆ ಸಾಗುವ ಸಂಭವವೂ ಉಂಟು.

ಇದರ ಮೇಲೆ ಒತ್ತಕ್ಷರ. ರೋಮನ್ ಲಿಪಿಯು ಒಂದರ ಪಕ್ಕದಲ್ಲಿ ಒಂದು ಅಕ್ಷರವನ್ನು ನಿಲ್ಲಿಸಿ ಕೈತೊಳೆದುಕೊಳ್ಳುತ್ತದೆ. ನಾವು ಅಂತಸ್ತುಗಳನ್ನು ಕಟ್ಟುವವರು. 'ಸ್ವಾತಂತ್ರ್ಯ' ಎಂಬ ಮಾತಿನ ಕೊನೆಯ ಅಕ್ಷರವನ್ನು ನೋಡಿ: ತಕಾರದ ಅಡಿಯಲ್ಲಿ ರಕಾರದ ಒತ್ತು, ಅದಕ್ಕೆ ಅಂಟಿಕೊಂಡು ಯಕಾರದ ಒತ್ತು. ಸಾಧಾರಣವಾದ ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಎಕ್ಸ್‌ಪಿಯ ರೂಢಿಯ ಅಳತೆಯಲ್ಲಿ ದೊರೆಯುವ ಎತ್ತರ 16 ಪಿಕ್ಸೆಲ್, ಎಂದರೆ ಹದಿನಾರು ಚುಕ್ಕೆಗಳು. ಈ ಹದಿನಾರರಲ್ಲಿ ಮೇಲುಗಡೆ ಗುಡಿಸಿಗೂ ತಲೆಕಟ್ಟಿಗೂ ಒಂದಷ್ಟು, ಕೆಳಗಡೆ ಒತ್ತುಗಳಿಗೆ ಒಂದಷ್ಟು ಎಂದು ಭಾಗ ಹಂಚಿದ ಮೇಲೆ ಅಕ್ಷರದ ಒಡಲಿಗೆ ಉಳಿಯುವುದು ಸುಮಾರಾಗಿ ಅರ್ಧ. ಎಂಟು ಚುಕ್ಕೆಗಳ ಎತ್ತರದಲ್ಲಿ ಷಕಾರದ ಹೊಟ್ಟೆಯನ್ನು ಸೀಳಿ ತೋರಿಸಿ ಎಂದರೆ ಎಂಥ ಶಿಲ್ಪಿಯಾದರೂ ಉಳಿಯನ್ನು ಕೆಳಗಿಟ್ಟಾನು. ಎಕ್ಸ್‌ಪಿಯೊಡನೆ ಬಂದ ಕನ್ನಡ ಫಾಂಟಿನ ಹೆಸರು 'ತುಂಗಾ'. ಒತ್ತಿಗೆ ಜಾಗವನ್ನು ಬಿಡಲೇಬೇಕಾದುದರಿಂದ ಅದರ ಅಕ್ಷರಗಳ ಒಡಲು, ಅದೇ ಅಳತೆಯ ಇಂಗ್ಲಿಷ್ ಅಕ್ಷರದ ಪಕ್ಕದಲ್ಲಿಟ್ಟು ನೋಡಿದರೆ, ಕೃಶವಾಗಿ ಕಾಣುತ್ತದೆ. ಪಾನಕ್ಕೆ ತುಂಗೆಯೇ ಶ್ರೇಷ್ಠವೆಂದು ಹಿರಿಯರು ಹೇಳಿದ್ದಾರೆ. ಈ ತುಂಗೆಯಲ್ಲಿ ಮಾತ್ರ, ಹನ್ನೆರಡು ಪಾಯಿಂಟಿನಲ್ಲಿ, ಬೇಸಗೆಯ ನೀರಿದ್ದಷ್ಟೇ ಇರುತ್ತದೆ.

ಇಂಗ್ಲಿಷಿನ ಅದೃಷ್ಟ ಬೇರೆ ಬಗೆಯದು. ವರ್ಡಾನಾ ಎಂಬ ಹೆಸರಿನ ಅಕ್ಷರರೂಪವನ್ನು 1996ರಲ್ಲಿ ಹೊರತಂದಾಗ, ಅದರ ಶಿಲ್ಪಿಯಾದ ಮ್ಯಾಥ್ಯೂ ಕಾರ್ಟರ್ ಎಂಬಾತನು, ಕಾಗದದ ಮೇಲಣ ಸುಂದರ ರೇಖೆಯನ್ನು ಪರದೆಗೆ ಇಳಿಸುವ ರೂಢಿಯನ್ನು ತಲೆಕೆಳಗು ಮಾಡಿ, ಮೊದಲು ಪರದೆಯ ಚುಕ್ಕೆಗಳಲ್ಲಿಯೇ ಅಕ್ಷರವನ್ನು ನಿಲ್ಲಿಸಿ, ಆಮೇಲೆ ಅದರ ಸುತ್ತ ರೇಖೆಯನ್ನು ಎಳೆದನು. ಚುಕ್ಕೆಯನ್ನು ಮೊದಲಿಟ್ಟು ರೇಖೆಯನ್ನು ಆಮೇಲೆ ಸುತ್ತುವುದು ನಮ್ಮ ಹೆಂಗಸರು ಮನೆಯಂಗಳದಲ್ಲಿ ನಿತ್ಯವೂ ಮಾಡುವ ಕೆಲಸವಾದರೂ ಅಕ್ಷರವಿದ್ಯೆಯಲ್ಲಿ ಅದು ಹೊಸ ಮಾತಾಗಿತ್ತು. ಅಂಥ ಅನುಕೂಲ ಕನ್ನಡಕ್ಕೂ ಒಮ್ಮೆ ಇತ್ತು: 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಪ್ರಥಮ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಅಲ್ಲಿ ಬರೆಯುವವನ ಕೈ ಒತ್ತಕ್ಷರ ಬಂದಲ್ಲಿ ತಾನಾಗಿ ಸರಿದು ಜಾಗ ಕೊಡುತ್ತಿತ್ತು. ಯಂತ್ರದ ಚೌಕುಳಿಗೆ ಅಂಥ ದಾಕ್ಷಿಣ್ಯವಿಲ್ಲ. ಅದಕ್ಕೆ ದಾಕ್ಷಿಣ್ಯವನ್ನು ಕಲಿಸಬೇಕಾದವರು ನಾವು.

ಕಲಿಸುವ ಮೊದಲನೆಯ ಪಾಠ ಕ್ಲಿಯರ್‌ಟೈಪ್ ಎಂಬುದು. 1998ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಘೋಷಿಸಿದ ಈ ಉಪಾಯವು ಎಕ್ಸ್‌ಪಿಯಲ್ಲಿ ಸೇರಿತ್ತು, ಆದರೆ ಗುಪ್ತಗಾಮಿನಿಯಾಗಿ. ಬಳಕೆದಾರನು ತಾನಾಗಿ ಹೋಗಿ ಎಬ್ಬಿಸಿದ ಹೊರತು ಅದು ಏಳುತ್ತಿರಲಿಲ್ಲ. ಪರದೆಯ ಬರಿದಾದ ಜಾಗದಲ್ಲಿ ಮೌಸಿನ ಬಲಗುಂಡಿಯನ್ನೊತ್ತಿ, ಪ್ರಾಪರ್ಟೀಸ್ ಎಂಬಲ್ಲಿಗೆ ಹೋಗಿ, ಅಪಿಯರೆನ್ಸ್ ಎಂಬ ಪುಟವನ್ನು ತೆರೆದು, ಅಲ್ಲಿರುವ ಎಫೆಕ್ಟ್ಸ್ ಎಂಬ ಗುಂಡಿಯನ್ನು ಅದುಮಿದರೆ, ಅಕ್ಷರಗಳ ಅಂಚನ್ನು ನಯಗೊಳಿಸುವ ಬಗೆ ಯಾವುದಿರಲಿ ಎಂಬ ಪ್ರಶ್ನೆ ಕಾಣಿಸಿಕೊಳ್ಳುತ್ತದೆ. 'ಸ್ಟ್ಯಾಂಡರ್ಡ್' ಎಂದಿರುವುದನ್ನು 'ಕ್ಲಿಯರ್‌ಟೈಪ್' ಎಂದು ಬದಲಿಸಿದರೆ ಆಯಿತು. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಮುಂದಕ್ಕೆ ಈ ಪ್ರದಕ್ಷಿಣೆಯ ಅಗತ್ಯವಿಲ್ಲ, ಅಲ್ಲಿ ಅದು ಹುಟ್ಟಿನಿಂದಲೇ ಎಚ್ಚರವಾಗಿರುತ್ತದೆ.

ಇದರ ಮರ್ಮವನ್ನು ಕಣ್ಣಾರೆ ಕಾಣಬೇಕೆನ್ನುವವರು ಅಂಚೆಚೀಟಿಗಳನ್ನು ಪರೀಕ್ಷಿಸುವ ಭೂತಗನ್ನಡಿಯೊಂದನ್ನು ತೆಗೆದುಕೊಂಡು ಎಲ್‌ಸಿಡಿ ಪರದೆಯ ಹತ್ತಿರಕ್ಕೆ ಬರಬೇಕು. ಬರಿಗಣ್ಣಿಗೆ ಹಾಲಿನಂತೆ ಬಿಳುಪಾಗಿದ್ದ ಹಿನ್ನೆಲೆಯು ಅಲ್ಲಿ ಸಾಲುಸಾಲಾದ ಕೆಂಪು, ಹಸಿರು, ನೀಲಿ ಪಟ್ಟಿಗಳಾಗಿ ಒಡೆದುಕೊಳ್ಳುತ್ತದೆ. ಒಂದೊಂದು ಪಿಕ್ಸೆಲ್ಲೂ ನಿಂತಿರುವ ಇಂಥ ಮೂರು ಪಟ್ಟಿಗಳ ಸಂಯೋಗ. ಇಡೀ ಪಿಕ್ಸೆಲ್ಲನ್ನು ಬೆಳಗಿಸುವ ಅಥವಾ ಆರಿಸುವ ಬದಲು ಈ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬಳಸಿಕೊಂಡರೆ ಅಡ್ಡಳತೆಯಲ್ಲಿ ಪರದೆಯ ಸೂಕ್ಷ್ಮತೆಯು ಮೂರು ಪಟ್ಟಾಯಿತೆಂದೇ ಲೆಕ್ಕ. ಕ್ಲಿಯರ್‌ಟೈಪ್ ಮಾಡುವುದು ಅದನ್ನೇ. ಬಿಳಿಯ ಮೇಲೆ ಕಪ್ಪಾಗಿ ಬರೆದ ರಕಾರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಎಡದಂಚಿನಲ್ಲಿ ಕೆಮ್ಮಣ್ಣಿನ ಛಾಯೆಯೂ ಬಲದಂಚಿನಲ್ಲಿ ನೀಲಿಯ ಛಾಯೆಯೂ ಕಾಣಬರುತ್ತವೆ. ಕನ್ನಡಿಯನ್ನು ಸರಿಸಿದೊಡನೆ ಬಣ್ಣಗಳೆಲ್ಲ ಮಾಯವಾಗಿ ಕಪ್ಪಾದ, ನುಣುಪಾದ ಅಕ್ಷರವೊಂದೇ ಉಳಿಯುತ್ತದೆ. ಮಾಯಾವಾದದ ವ್ಯಾಖ್ಯಾನಕ್ಕೆ ಹಗ್ಗವನ್ನೂ ಹಾವನ್ನೂ ಅವಲಂಬಿಸುತ್ತಿದ್ದ ನಮ್ಮ ಪಂಡಿತರಿಗೆ ಈ ದೃಷ್ಟಾಂತವು ಲಭಿಸಿದ್ದರೆ ಚೆನ್ನಾಗಿತ್ತು.

ಆದರೆ, ಮತ್ತು ಇದು ನನ್ನ ಮಾತಿನ ತಿರುಳು, ಈ ಉಪಾಯದ ಸಂಪೂರ್ಣ ಫಲವು ಕನ್ನಡಕ್ಕೆ ದಕ್ಕುವುದಿಲ್ಲ. ಪಟ್ಟಿಗಳು ನಿಂತಿರುವುದರಿಂದ ನಯವು ಒದಗುವುದು ಎಡದಿಂದ ಬಲಕ್ಕೆ ಮಾತ್ರ. ಮೇಲಿನಿಂದ ಕೆಳಕ್ಕೆ ಎಕ್ಸ್‌ಪಿಯ ಕ್ಲಿಯರ್‌ಟೈಪ್ ಏನನ್ನೂ ಮಾಡುವುದಿಲ್ಲ. ಕಂಬದಂತೆ ನೆಟ್ಟಗೆ ನಿಲ್ಲುವ ಗೀಟುಗಳೇ ಹೆಚ್ಚಾಗಿರುವ ರೋಮನ್ ಲಿಪಿಗೆ ಅದು ಧಾರಾಳವಾಗಿ ಸಾಕು. ನಮ್ಮ ಅಕ್ಷರಗಳಾದರೋ ಬಾಗುವುದು ಮೇಲುಗಡೆಯಲ್ಲಿ ಮತ್ತು ಕೆಳಗಡೆಯಲ್ಲಿ. ತಲೆಕಟ್ಟು ಮಲಗಿರುವ ರೇಖೆ. ಒತ್ತಿನ ಬಳುಕೆಲ್ಲ ತಳದಲ್ಲಿ. ಆ ಎಡೆಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಅಂಚು ಹಾಗೆಯೇ ಉಳಿದುಬಿಡುತ್ತದೆ. ಮೇಲು-ಕೆಳಗುಗಳಲ್ಲಿಯೂ ನಯಗೊಳಿಸುವ ವ್ಯವಸ್ಥೆಯು 2009ರ ವಿಂಡೋಸ್ 7ರೊಡನೆ ಬಂದಿತಾದರೂ ನಮ್ಮಂಥ ಹಳೆಯ ಯಂತ್ರಗಳಿಗೆ ಆ ಭಾಗ್ಯವಿಲ್ಲ. ಆದಕಾರಣ ಹಳೆಯ ಕಂಪ್ಯೂಟರಿನಲ್ಲಿ ಕನ್ನಡವನ್ನು ಓದುವವನಿಗೆ ಪರಮೌಷಧವೆಂಬುದು ಒಂದೇ: ಅಕ್ಷರವನ್ನು ದೊಡ್ಡದು ಮಾಡುವುದು. ಉಳಿದೆಲ್ಲವೂ ಅನುಪಾನ.

ದೊಡ್ಡದು ಮಾಡುವುದರಲ್ಲಿಯೂ ಸನ್ಮಾರ್ಗ ದುರ್ಮಾರ್ಗಗಳಿವೆ. ಕಂಪ್ಯೂಟರ್ ರಿಪೇರಿಯ ಹುಡುಗರನ್ನು ಕೇಳಿದರೆ ಅವರು ಥಟ್ಟನೆ ಪರದೆಯ ರೆಸಲ್ಯೂಶನ್ನನ್ನು 800ಕ್ಕೆ 600 ಎಂದು ಇಳಿಸಿ, "ಈಗ ನೋಡಿ ಸಾರ್, ಎಷ್ಟು ದೊಡ್ಡದಾಗಿದೆ" ಎನ್ನುತ್ತಾರೆ. ದೊಡ್ಡ ಹೊಟ್ಟೆಯ ಗಾಜಿನ ಹಳೆಯ ಮಾನಿಟರಿಗೆ ಈ ಚಿಕಿತ್ಸೆ ಸಲ್ಲುತ್ತದೆ. ಚಪ್ಪಟೆಯಾದ ಎಲ್‌ಸಿಡಿ ಪರದೆಗೆ ಇದು ಅಪಥ್ಯ. ಹದಿನೇಳು ಅಂಗುಲದ ಅಂಥ ಪರದೆಯಲ್ಲಿ ಸಾಮಾನ್ಯವಾಗಿ 1280 ಕಂಬಸಾಲೂ 1024 ಅಡ್ಡಸಾಲೂ ಪಿಕ್ಸೆಲ್ಲುಗಳಿರುತ್ತವೆ. ಅವು ಕಾರ್ಖಾನೆಯಲ್ಲಿ ಕೂಡಿಸಿದ್ದು, ಸಂಖ್ಯೆ ಬದಲಾಗುವಂಥದಲ್ಲ. 800 ಚುಕ್ಕೆಗಳ ಚಿತ್ರವನ್ನು ಅದರ ಮೇಲೆ ಹಿಗ್ಗಿಸಿದರೆ ಒಂದು ಚುಕ್ಕೆಯು ಅಡ್ಡಕ್ಕೆ 1.6 ಪಿಕ್ಸೆಲ್ಲುಗಳನ್ನೂ ಉದ್ದಕ್ಕೆ 1.7ಕ್ಕೂ ತುಸು ಹೆಚ್ಚನ್ನೂ ಆಕ್ರಮಿಸಬೇಕಾಗುತ್ತದೆ. ಒಂದೂವರೆ ಪಿಕ್ಸೆಲ್ಲೆಂಬುದು ಸೃಷ್ಟಿಯಲ್ಲಿ ಇಲ್ಲವಾದುದರಿಂದ ಯಂತ್ರವು ನೆರೆಹೊರೆಯ ಪಿಕ್ಸೆಲ್ಲುಗಳಿಗೆ ಬೂದಿಬಣ್ಣವನ್ನು ಬಳಿದು ಹೇಗೋ ತೂಗಿಸುತ್ತದೆ. ಅಕ್ಷರಗಳು ದೊಡ್ಡವಾಗುವುದೇನೋ ನಿಜ, ಒದ್ದೆಯ ಕಾಗದದ ಮೇಲೆ ಬರೆದಂತೆ ಕದಡಿಯೂ ಹೋಗುತ್ತವೆ, ಸಾಲದ್ದಕ್ಕೆ ತುಸು ಲಂಬವಾಗಿಯೂ ಬೆಳೆಯುತ್ತವೆ. ಎಲ್‌ಸಿಡಿಯನ್ನು ಅದರ ಹುಟ್ಟಿನ ಅಳತೆಯಲ್ಲಿಯೇ ಬಿಟ್ಟು, ಡಿಪಿಐ ಎಂಬುದನ್ನು ಬದಲಿಸುವುದು ಸರಿಯಾದ ದಾರಿ. ಅದೇ ಪ್ರಾಪರ್ಟೀಸಿನ ಸೆಟಿಂಗ್ಸ್ ಪುಟದಲ್ಲಿ ಅಡ್ವಾನ್ಸ್ಡ್ ಎಂಬ ಗುಂಡಿಯ ಹಿಂದೆ, ಜನರಲ್ ಎಂಬ ಶೀರ್ಷಿಕೆಯಡಿ 96 ಎಂದಿರುವುದನ್ನು 120 ಮಾಡಿ, ಯಂತ್ರವನ್ನು ಒಮ್ಮೆ ಮಲಗಿಸಿ ಎಬ್ಬಿಸಬೇಕು. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ 16 ಪಿಕ್ಸೆಲ್ಲಿನ ಬದಲು 20 ದೊರೆಯುತ್ತವೆ. ನಾಲ್ಕು ಚುಕ್ಕೆಗಳೇನು ಮಹಾ ಎನ್ನಬೇಡಿ. ಠಕಾರದ ಬೊಟ್ಟಿಗೆ ಬೇಕಾದದ್ದು ಒಂದೇ ಚುಕ್ಕೆ. ಹೀಗೆ ಮಾಡಿದಾಗ ಕೆಲವು ಹಳೆಯ ತಂತ್ರಾಂಶಗಳ ಕಿಟಕಿಗಳು ಉಬ್ಬಿ, ಅವುಗಳ 'ಓಕೆ' ಗುಂಡಿಯು ಅಂಚಿನಾಚೆಗೆ ಸರಿದು ಕಾಣದಾಗುವುದುಂಟು. ಎಂಟರ್ ಕೀಲಿಯನ್ನು ಒತ್ತಿದರೆ ಬಹುಮಟ್ಟಿಗೆ ಅದರ ಕೆಲಸ ನಡೆಯುತ್ತದೆ.

ಗಾಜಿನ ಮಾನಿಟರನ್ನು ಇನ್ನೂ ಇಟ್ಟುಕೊಂಡವರು ಅಡ್ವಾನ್ಸ್ಡ್ ಕಿಟಕಿಯಲ್ಲಿಯೇ ಮಾನಿಟರ್ ಎಂಬ ಪುಟವನ್ನು ತೆರೆದು ನೋಡತಕ್ಕದ್ದು. ಅಂಥ ಪರದೆಯ ಚಿತ್ರವು ಪ್ರತಿಕ್ಷಣವೂ ಅಳಿದು ಮತ್ತೆ ಬರೆಯಲ್ಪಡುತ್ತಿರುವ ಚಿತ್ರ. ಸೆಕೆಂಡಿಗೆ 60 ಬಾರಿ ಬರೆದರೆ ಅನೇಕರ ಕಣ್ಣಿಗೆ ಅದರ ನಡುಕವು ತಾಗುತ್ತದೆ. ಪರದೆಯನ್ನು ನೇರವಾಗಿ ನೋಡದೆ ಕಡೆಗಣ್ಣಿನಿಂದ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. 75ಕ್ಕೋ 85ಕ್ಕೋ ಏರಿಸಿದರೆ ನಡುಕ ನಿಂತು ಹಣೆಯ ನರಗಳಿಗೆ ವಿಶ್ರಾಂತಿ. ಎಲ್‌ಸಿಡಿಗೆ ಈ ಮಾತು ಅನ್ವಯಿಸುವುದಿಲ್ಲ. ಅದರ ಬೇನೆ ಇನ್ನೊಂದು. ವಿಜಿಎ ಎಂಬ ಹಳೆಯ ಬಗೆಯ ತಂತಿಯಿಂದ ಜೋಡಿಸಿದಾಗ ಪರದೆಗೂ ಯಂತ್ರಕ್ಕೂ ತಾಳ ತಪ್ಪಿ, ಅಕ್ಷರದ ಪಕ್ಕದಲ್ಲಿ ಅದರದೇ ನೆರಳು ನಿಂತಂತೆ ತೋರುತ್ತದೆ. ಮಾನಿಟರಿನ ಕೆಳಗಡೆ 'ಆಟೋ' ಎಂದು ಬರೆದಿರುವ, ಯಾರೂ ಮುಟ್ಟದೆ ಧೂಳು ಹಿಡಿದಿರುವ ಪುಟ್ಟ ಗುಂಡಿಯೊಂದು ಇರುತ್ತದೆ. ಅದನ್ನು ಒಮ್ಮೆ ಒತ್ತಿರಿ. ಚಿತ್ರವು ಅತ್ತಿತ್ತ ಹೊಯ್ದಾಡಿ ತಾಳಕ್ಕೆ ಬಂದು ನಿಲ್ಲುತ್ತದೆ, ನೆರಳು ಹೋಗುತ್ತದೆ.

ಇಷ್ಟಾದರೂ ಕನ್ನಡವು ಕನ್ನಡವಾಗಿ ಕಾಣದೆ ಬರಿಯ ಚೌಕಗಳೋ ಒಡೆದುಹೋದ ಒತ್ತುಗಳೋ ಕಂಡರೆ, ಎಕ್ಸ್‌ಪಿಯ ರೀಜನಲ್ ಆಪ್ಷನ್ಸ್ ಎಂಬಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿಲ್ಲವೆಂದು ಅರ್ಥ. ಹಾಕಿದೊಡನೆ ಅದು ಮೂಲ ಸಿ.ಡಿ.ಯನ್ನು ಕೇಳುತ್ತದೆ, ಹುಡುಕಿ ಕೊಡಬೇಕು. ಹಳೆಯ ನುಡಿ ತಂತ್ರಾಂಶದಲ್ಲಿ ಬರೆದ ಕಡತಗಳ ಕಥೆ ಬೇರೆ. ಅವು ಯೂನಿಕೋಡಿಗೆ ಮುಂಚಿನ ಸಂಪ್ರದಾಯದವು. ನುಡಿಯ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ನಕಾರವಿದ್ದ ಕಡೆಯಲ್ಲೆಲ್ಲ ಬ್ರಿಟಿಷರ ಪೌಂಡಿನ ಚಿಹ್ನೆ ಬಂದು ಕೂರುತ್ತದೆ. ಕನ್ನಡ ನಾಡಿನ ನಡುವೆ ಪೌಂಡು! ನೂರೈವತ್ತು ವರ್ಷಗಳ ಇತಿಹಾಸವನ್ನು ಇಷ್ಟು ಸಂಕ್ಷೇಪವಾಗಿ ಯಾವ ಗ್ರಂಥವೂ ಹೇಳಿಲ್ಲ. ಫಾಂಟನ್ನು ಹಾಕಿದರೆ ಸಾಕು, ಪೌಂಡು ಹೊರಟುಹೋಗುತ್ತದೆ.

ಫೈರ್‌ಫಾಕ್ಸಿನಂಥ ಬ್ರೌಸರಿನಲ್ಲಿ ಓದುವವರು ಕಂಟ್ರೋಲ್ ಕೀಲಿಯನ್ನು ಹಿಡಿದು ಕೂಡುವ ಚಿಹ್ನೆಯನ್ನು ಒತ್ತಿದರೆ ಪುಟವು ಬೆಳೆಯುತ್ತ ಹೋಗುವುದನ್ನು ಬಲ್ಲರು. ಅದರ ಫಾಂಟುಗಳ ವಿಭಾಗದಲ್ಲಿ ಕನ್ನಡವನ್ನು ಆರಿಸಿ, ಇಷ್ಟಕ್ಕಿಂತ ಚಿಕ್ಕ ಅಕ್ಷರವನ್ನು ನನಗೆ ತೋರಿಸಕೂಡದೆಂದು ಕಟ್ಟಪ್ಪಣೆ ಮಾಡಿಡಬಹುದೆಂಬುದನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ನಾನು ಕನ್ನಡಕ್ಕೆ 20 ಎಂದು ಇಟ್ಟಿದ್ದೇನೆ. ಇಂಗ್ಲಿಷಿಗೆ 14 ಸಾಕು. ಈ ಪಕ್ಷಪಾತಕ್ಕಾಗಿ ನನ್ನನ್ನು ಯಾರೂ ಆಕ್ಷೇಪಿಸಲಾರರು. ಲಿಪಿಯ ಅಗತ್ಯವೇ ಹಾಗಿದೆ. ಇನ್ನು ಹಿನ್ನೆಲೆಯ ಕಣ್ಣುಕುಕ್ಕುವ ಬಿಳುಪನ್ನು ತಗ್ಗಿಸಬೇಕೆಂದರೆ ಅಪಿಯರೆನ್ಸ್ ಪುಟದ ಒಳಮನೆಯಲ್ಲಿ ಕಿಟಕಿಯ ಬಣ್ಣವನ್ನು ಕೆನೆಬಣ್ಣಕ್ಕೆ ತಿರುಗಿಸಲು ಅವಕಾಶವಿದೆ. ಹಾಗೆ ಮಾಡಿದ ಮೇಲೆ ವರ್ಡ್ ತಂತ್ರಾಂಶದಲ್ಲಿ ತೆರೆದ ಹಾಳೆಯು ಹಳೆಯ ಪುಸ್ತಕದ ಪುಟದ ಬಣ್ಣಕ್ಕೆ ಬರುತ್ತದೆ. ಬೆಳಕಿನ ವಿಷಯದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ: ಕಿಟಕಿಯು ಪರದೆಯ ಬೆನ್ನಿಗೂ ಬೇಡ, ಓದುವವನ ಬೆನ್ನಿಗೂ ಬೇಡ, ಪಕ್ಕದಲ್ಲಿರಲಿ. ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ.

ಬೈಫೋಕಲ್ ಕನ್ನಡಕದವರ ಪಾಡನ್ನು ಪ್ರತ್ಯೇಕವಾಗಿ ಹೇಳಬೇಕು. ಅದರ ಮೇಲಣ ಗಾಜು ದೂರಕ್ಕೆ, ಕೆಳಗಣ ಗಾಜು ಕೈಯಲ್ಲಿ ಹಿಡಿದ ಪುಸ್ತಕದ ಸಮೀಪಕ್ಕೆ. ಕಂಪ್ಯೂಟರಿನ ಪರದೆಯು ಈ ಎರಡೂ ಅಲ್ಲದ ನಡುದಾರಿಯಲ್ಲಿ, ಸುಮಾರು ಎರಡು ಅಡಿ ದೂರದಲ್ಲಿ, ಕಣ್ಣಿನ ಮಟ್ಟದಲ್ಲಿ ನಿಂತಿರುತ್ತದೆ. ಕೆಳಗಣ ಗಾಜಿನಿಂದ ಅದನ್ನು ನೋಡಬೇಕಾದ ಮನುಷ್ಯನು ಗದ್ದವನ್ನು ಮೇಲಕ್ಕೆತ್ತಿ, ಆಕಾಶವಾಣಿಯನ್ನು ಆಲಿಸುವವನಂತೆ ಕುಳಿತುಕೊಳ್ಳುತ್ತಾನೆ; ಸಂಜೆಗೆ ಕತ್ತು ನೋವು. ಮಾನಿಟರನ್ನು ಯಂತ್ರದ ಡಬ್ಬಿಯ ಮೇಲೆ ಸಿಂಹಾಸನದಲ್ಲಿಟ್ಟಂತೆ ಕೂರಿಸುವ ಪದ್ಧತಿಯನ್ನು ಬಿಟ್ಟು ಮೇಜಿನ ಮೇಲಕ್ಕೆ ಇಳಿಸಬೇಕು. ವೈದ್ಯರಲ್ಲಿಗೆ ಹೋಗುವಾಗ ಮೂಗಿನ ತುದಿಯಿಂದ ಪರದೆಯವರೆಗೆ ಟೇಪು ಹಿಡಿದು ಅಳೆದ ದೂರವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರೆ, ಆ ದೂರಕ್ಕೆಂದೇ ಕನ್ನಡಕವನ್ನು ಬರೆದುಕೊಡುತ್ತಾರೆ. ಕೇಳದಿದ್ದರೆ ಕೊಡುವುದಿಲ್ಲ.

ಕೊನೆಯದಾಗಿ ತರುಣ ಮಿತ್ರರಲ್ಲಿ ಒಂದು ವಿಜ್ಞಾಪನೆ. ಹಬ್ಬಕ್ಕೋ ರಜಕ್ಕೋ ಊರಿಗೆ ಬಂದಾಗ, ಮನೆಯ ಹಿರಿಯರ ಕಂಪ್ಯೂಟರನ್ನು ಕಂಡು ಮೂಗು ಮುರಿಯುವ ಮುನ್ನ, ಕಾಲು ಗಂಟೆ ಅದರ ಮುಂದೆ ಕುಳಿತು ಈ ಗುಂಡಿಗಳನ್ನು ಒತ್ತಿಕೊಡಿ. ಅಕ್ಷರದ ಅಳತೆ ಸಾಕೇ ಎಂದು ನೀವೇ ನೋಡಿ ತೀರ್ಮಾನಿಸಬೇಡಿ, ನಿಮ್ಮ ಕಣ್ಣಿಗೆ ಅದು ಯಾವಾಗಲೂ ಸಾಕಾಗಿರುತ್ತದೆ. ಹಿರಿಯರನ್ನೇ ಕೂರಿಸಿ, ಮಠ ಎಂದೂ ಮರ ಎಂದೂ ಒತ್ತೊತ್ತಾಗಿ ಬರೆದು ತೋರಿಸಿ ಓದಿಸಿ. ತಪ್ಪಿಲ್ಲದೆ ಓದುವವರೆಗೆ ಅಳತೆಯನ್ನು ಹೆಚ್ಚಿಸುತ್ತ ಹೋಗಿ.